ಒಂದು ವರ್ಷ ಉಳಿಸುವ ಲೆಕ್ಕ: ಕರಿಕೋಟಿಗೆ ಅಡ್ಡದಾರಿ ಉಂಟೇ?

ದಾವಣಗೆರೆಯ ಮಂಡಿಪೇಟೆಯಲ್ಲಿ ಏಪ್ರಿಲ್ ತಿಂಗಳೆಂದರೆ ಎರಡು ಲೆಕ್ಕ. ಒಂದು, ಹಳೇ ವರ್ಷದ ಖಾತೆ ಮುಗಿಸಿ ಹೊಸ ಖಾತೆ ತೆಗೆಯುವ ಲೆಕ್ಕ. ಇನ್ನೊಂದು, ಪಿಯುಸಿ ರಿಸಲ್ಟ್ ಬಂದ ಮೇಲೆ ಮನೆ ಮಕ್ಕಳನ್ನು ಎಲ್ಲಿಗೆ ಸೇರಿಸುವುದೆಂಬ ಲೆಕ್ಕ. ಮೊದಲನೆಯದಕ್ಕೆ ಆಡಿಟರ್ ಇದ್ದಾರೆ. ಎರಡನೆಯದಕ್ಕೆ ಪಕ್ಕದ ಅಂಗಡಿಯವರು, ಬಸ್ಸಿನಲ್ಲಿ ಜೊತೆ ಕೂತವರು, ಹುಬ್ಬಳ್ಳಿಯಲ್ಲಿರುವ ಭಾವಮೈದುನ. ಯಾರೂ ಸಿಗದಿದ್ದರೆ ಈ ಅಂಕಣಕಾರ.

ಮೊನ್ನೆ ಹಾಗೆ ಸಿಕ್ಕಿಬಿದ್ದೆ. ಕಿರಾಣಿ ಅಂಗಡಿಯೊಂದರ ಯಜಮಾನರು ಕೂಗಿ ಕರೆದು, ಗಲ್ಲಾಪೆಟ್ಟಿಗೆ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಅರ್ಧ ಲೋಟ ಟೀ ಕೊಟ್ಟು ಕೇಳಿದರು: "ಸಾರ್, ಮೂರು ವರ್ಷದ ಡಿಗ್ರೀನ ಎರಡೂವರೆ ವರ್ಷಕ್ಕೆ ಮುಗಿಸೋ ಸ್ಕೀಮ್ ಬಂದೈತಂತಲ್ಲ. ನಮ್ಮ ಹುಡುಗ ಬೇಗ ಮುಗಿಸಿ ಲಾ ಕಾಲೇಜಿಗೆ ಹೋಗ್ತೀನಿ ಅಂತಾನೆ. ಹೌದಾ?"

ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಇವರ ಮನೆಯಲ್ಲಿ ಕಾನೂನಿನ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಅಂಗಡಿ ಮಳಿಗೆಯ ಬಾಡಿಗೆ ತಕರಾರು ಅಜ್ಜನ ಕಾಲದಿಂದ ಕೋರ್ಟಿನಲ್ಲಿದೆ. ಮುದ್ದತಿನ ದಿನ ಅಂಗಡಿ ಬಾಗಿಲು ಅರ್ಧ ಎಳೆದು ಹೋಗುವುದನ್ನು ನೋಡಿಕೊಂಡೇ ಮಕ್ಕಳಿಬ್ಬರೂ ಬೆಳೆದವರು. ಮಗ ಬಿ.ಕಾಂ. ಮೊದಲ ವರ್ಷ ಮುಗಿಸಿದ್ದಾನೆ. ಮಗಳು ಈ ಸಲ ಪಿಯುಸಿ ಪಾಸು, ಅಣ್ಣನಿಗಿಂತ ಮಾರ್ಕ್ಸು ಜಾಸ್ತಿ. ಇಬ್ಬರಿಗೂ ವಕೀಲಿಯೇ ಬೇಕು. ಅಪ್ಪನಿಗೆ ಬೇಕಾಗಿರುವುದು ಒಂದೇ, ಬೇಗ ಆಗಬೇಕು.

ಇಂಥ ಪ್ರಶ್ನೆ ಇವರೊಬ್ಬರದಲ್ಲ. ಪಿ.ಬಿ. ರಸ್ತೆಯ ಉದ್ದಕ್ಕೂ ಕೇಳಿಬರುತ್ತಿದೆ. ಆದ್ದರಿಂದ ಬಿಡಿಸಿ ಬರೆಯುವುದೇ ಒಳ್ಳೆಯದು.

ಎರಡೂವರೆ ವರ್ಷದ ಡಿಗ್ರಿ

ಸ್ಕೀಮ್ ಇರುವುದು ನಿಜ. ಯು.ಜಿ.ಸಿ. 2024ರ ಕೊನೆಯಲ್ಲಿ ಈ ವಿಚಾರ ಒಪ್ಪಿತು, 2025ರಲ್ಲಿ ಹೊಸ ನಿಯಮಾವಳಿಯೂ ಬಂತು. ಚುರುಕಿನ ವಿದ್ಯಾರ್ಥಿಗಳು ಸೆಮಿಸ್ಟರಿಗೆ ಹೆಚ್ಚು ಕ್ರೆಡಿಟ್ ತೆಗೆದುಕೊಂಡು ಮೂರು ವರ್ಷದ ಪದವಿಯನ್ನು ಐದು ಸೆಮಿಸ್ಟರಿನಲ್ಲಿ ಮುಗಿಸಬಹುದು. ನಾಲ್ಕು ವರ್ಷದ್ದನ್ನು ಆರು ಅಥವಾ ಏಳು ಸೆಮಿಸ್ಟರಿನಲ್ಲಿ. ಆದರೆ ಕೇಳಿದವರಿಗೆಲ್ಲಾ ಸಿಗುವ ಮಾಲಲ್ಲ ಇದು. ಕಾಲೇಜಿನ ಸೀಟುಗಳಲ್ಲಿ ನೂರಕ್ಕೆ ಹತ್ತು ಮಂದಿಗೆ ಮಾತ್ರ ಅವಕಾಶ. ಮೊದಲ ಅಥವಾ ಎರಡನೇ ಸೆಮಿಸ್ಟರ್ ಮುಗಿದಾಗ ಸಮಿತಿಯೊಂದು ಹುಡುಗನ ಅಂಕ ನೋಡಿ ಇವನಿಂದ ಆಗುತ್ತದೋ ಇಲ್ಲವೋ ತೀರ್ಮಾನಿಸಬೇಕು. ಬೇಗ ಮುಗಿಸಿದ ಸಂಗತಿಯನ್ನು ಅಂಕಪಟ್ಟಿಯಲ್ಲಿ ಕಾಣಿಸುತ್ತಾರೆ. ನೌಕರಿಗೂ ಮುಂದಿನ ಓದಿಗೂ ಮಾಮೂಲು ಡಿಗ್ರಿಗೆ ಸಮ ಎಂದು ಯು.ಜಿ.ಸಿ. ಹೇಳಿದೆ. ಇದೇ ನಿಯಮದಲ್ಲಿ ಓದನ್ನು ನಿಧಾನ ಮಾಡಿ ಎರಡು ಸೆಮಿಸ್ಟರ್ ಹೆಚ್ಚಿಗೆ ತೆಗೆದುಕೊಳ್ಳುವ ಸೌಲಭ್ಯವೂ ಇದೆ. ಅದರ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಬೆಳಿಗ್ಗೆ ಭಟ್ಟಿಯಲ್ಲಿ ಮಂಡಕ್ಕಿ ಹುರಿದು ಕಾಲೇಜಿಗೆ ಓಡುವ ಹುಡುಗರಿಗೆ ಬೇಗಕ್ಕಿಂತ ನಿಧಾನವೇ ಹೆಚ್ಚು ಉಪಯೋಗ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತು. ಯು.ಜಿ.ಸಿ. ಬಾಗಿಲು ತೆರೆದರೆ ಸಾಲದು, ನಿಮ್ಮ ವಿಶ್ವವಿದ್ಯಾಲಯ ಮತ್ತು ಕಾಲೇಜು ಆ ಬಾಗಿಲಿನಿಂದ ಒಳಗೆ ಬಿಡಬೇಕು. ಆದ್ದರಿಂದ ಮೊದಲು ಹೋಗಬೇಕಾದದ್ದು ಪ್ರಿನ್ಸಿಪಾಲರ ಕೋಣೆಗೆ. ಬಾಯಿಮಾತು ಬೇಡ, ಬರಹದಲ್ಲಿ ಕೇಳಿ.

ಇರಲಿ, ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಹುಡುಗ ಕಷ್ಟಪಟ್ಟು ಐದು ಸೆಮಿಸ್ಟರಿನಲ್ಲಿ ಬಿ.ಕಾಂ. ಮುಗಿಸಿದ. ಆಗ ಯಾವ ತಿಂಗಳು? ಹೆಚ್ಚುಕಡಿಮೆ ಸಂಕ್ರಾಂತಿ. ಲಾ ಕಾಲೇಜಿನವರು ಹೊಸಬರನ್ನು ಸೇರಿಸಿಕೊಳ್ಳುವುದು ವರ್ಷಕ್ಕೆ ಒಂದೇ ಸಲ, ಅದೂ ಮಳೆಗಾಲದಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಸ್ ಸ್ಟ್ಯಾಂಡಿಗೆ ಓಡಿದವನಿಗೂ ಆರಕ್ಕೆ ಎದ್ದವನಿಗೂ ಬಸ್ಸು ಏಳು ಗಂಟೆಯದೇ ಆದರೆ, ಓಡಿದವನು ಸಂಪಾದಿಸಿದ್ದು ಪ್ಲಾಟ್‌ಫಾರಮ್ಮಿನ ಕಲ್ಲು ಬೆಂಚು. ಅರ್ಧ ವರ್ಷ ಉಳಿಸಿದವನು ಆ ಅರ್ಧ ವರ್ಷ ಅಂಗಡಿಯಲ್ಲಿ ಪೊಟ್ಟಣ ಕಟ್ಟಬೇಕು.

ಇದನ್ನು ಹೇಳಿದಾಗ ಯಜಮಾನರ ಮುಖ ಸ್ವಲ್ಪ ಇಳಿಯಿತು. "ಪೊಟ್ಟಣ ಕಟ್ಟಲಿ ಬಿಡ್ರಿ, ನನಗೂ ಒಬ್ಬ ಆಳು ಉಳಿದಂಗಾತು" ಎಂದು ತಾವೇ ನಕ್ಕರು.

ನಮ್ಮ ರಾಜ್ಯದಲ್ಲಿ ಡಿಗ್ರಿ ಎಷ್ಟು ವರ್ಷದ್ದು ಎಂಬುದೇ ಈಚೆಗೆ ಗೊಂದಲವಾಗಿತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ಬಂತು. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸೇರಿದ ಮೂರು ಬ್ಯಾಚಿನವರೂ ಮೂರು ವರ್ಷಕ್ಕೆ ಡಿಗ್ರಿ ಪಡೆದು ಹೊರಬರಬಹುದಿತ್ತು. ಹಾಗಾಗಿ ಕಾನೂನು ಓದುವವರಿಗೆ ಈ ಗಲಾಟೆಯಿಂದ ನಷ್ಟವಾಗಲಿಲ್ಲ. ಎಲ್‌ಎಲ್.ಬಿ.ಗೆ ಬೇಕಾದ್ದು ಒಂದು ಪದವಿ, ಅದರಲ್ಲಿ ನೂರಕ್ಕೆ 45 ಅಂಕ. ಪರಿಶಿಷ್ಟರಿಗೆ 40, ಹಿಂದುಳಿದ ವರ್ಗದವರಿಗೆ 42.

ಬೇಗ ಹೋಗುವ ಬಸ್ಸು ಬೇರೆಯೇ ಇದೆ

ನಿಜವಾಗಿ ಒಂದು ವರ್ಷ ಉಳಿಸುವ ದಾರಿ ಹೊಸದೇನಲ್ಲ. ಪಿಯುಸಿ ಮುಗಿದ ತಕ್ಷಣ ಐದು ವರ್ಷದ ಬಿ.ಎ. ಎಲ್‌ಎಲ್.ಬಿ. ಅಥವಾ ಬಿ.ಬಿ.ಎ. ಎಲ್‌ಎಲ್.ಬಿ. ಸೇರುವುದು. ಮೂರು ವರ್ಷ ಡಿಗ್ರಿ, ಮೇಲೆ ಮೂರು ವರ್ಷ ಕಾನೂನು, ಕೂಡಿದರೆ ಆರು. ಇಲ್ಲಿ ಎರಡು ಡಿಗ್ರಿಯೂ ಒಟ್ಟಿಗೆ ಐದು ವರ್ಷಕ್ಕೆ. ಅಂದರೆ ಕಾಲೇಜನ್ನು ಬೇಗ ಮುಗಿಸಿ ಕಾನೂನಿಗೆ ಹೋಗುವ ಬದಲು, ಕಾಲೇಜನ್ನೇ ಕಾನೂನಿನೊಳಗೆ ಸೇರಿಸಿಬಿಟ್ಟಿದ್ದಾರೆ.

ಹಿಂದೆ ಹೀಗಿರಲಿಲ್ಲ. ಕಾನೂನು ಎಂದರೆ ಪದವಿಯ ಮೇಲಿನ ಓದು. ನಮ್ಮ ಪಕ್ಕದ ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಡಿಗ್ರಿ ಮುಗಿಸಿ ಕಾನೂನಿಗಾಗಿ ಪುಣೆಯವರೆಗೆ ಹೋಗಬೇಕಾಯಿತು. ಐದು ವರ್ಷದ ಕೋರ್ಸಿಗೆ ದೇಶದಲ್ಲಿ ಹೆಸರು ಬಂದದ್ದು ಈಗ ನಾಗರಭಾವಿಯಲ್ಲಿರುವ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ತನ್ನ ಮೊದಲ ತಂಡವನ್ನು ಸೇರಿಸಿಕೊಂಡ ಮೇಲೆ. ಅದನ್ನು ಕಟ್ಟಿ ನಿಲ್ಲಿಸಿದವರು ಎನ್.ಆರ್. ಮಾಧವ ಮೆನನ್. ಈಗ ನಮ್ಮ ರಾಜ್ಯದ ಲಾ ಕಾಲೇಜುಗಳು 2009ರಲ್ಲಿ ಹುಟ್ಟಿದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗಿವೆ. ಐದು ವರ್ಷದ್ದೂ ಇದೆ, ಮೂರು ವರ್ಷದ್ದೂ ಇದೆ. ಉತ್ತರ ಪತ್ರಿಕೆಯನ್ನು ಕನ್ನಡದಲ್ಲೂ ಬರೆಯಬಹುದು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಐದು ವರ್ಷದ್ದಕ್ಕೂ ಪಿಯುಸಿಯಲ್ಲಿ ಬೇಕಾದ ಅಂಕ ಅದೇ 45, 42, 40.

ಸರಿ, ಈಗ ಮಗನ ಲೆಕ್ಕಕ್ಕೆ ಬರೋಣ. ಬಿ.ಕಾಂ. ಒಂದು ವರ್ಷ ಮುಗಿಸಿದ್ದಾನೆ. ಈಗಲೇ ಬಿಟ್ಟು ಐದು ವರ್ಷದ ಕೋರ್ಸು ಸೇರುತ್ತೇನೆ, ಒಂದು ವರ್ಷ ಉಳಿಯುತ್ತದೆ ಎನ್ನುತ್ತಾನೆ. ಯಜಮಾನರ ಕೈಯಲ್ಲೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆಸಿದೆ. ಓದಿದ್ದು ಒಂದು, ಓದಬೇಕಾದ್ದು ಐದು, ಒಟ್ಟು ಆರು. ಬಿಡದೆ ಬಿ.ಕಾಂ. ಮುಗಿಸಿ ಎಲ್‌ಎಲ್.ಬಿ. ಮಾಡಿದರೆ ಮೂರು ಮತ್ತು ಮೂರು, ಅದೂ ಆರು. ಉಳಿತಾಯ ಸೊನ್ನೆ! ಮೇಲಾಗಿ ಕಟ್ಟಿದ ಒಂದು ವರ್ಷದ ಫೀಸು ನೀರಿಗೆ. ಎರಡನೇ ವರ್ಷ ಮುಗಿದ ಮೇಲೆ ಬಿಟ್ಟರಂತೂ ಏಳು ವರ್ಷ, ಕೈಯಿಂದ ನಷ್ಟ. ಐದು ವರ್ಷದ ಕೋರ್ಸಿನಿಂದ ಕಾಲ ಉಳಿಯುವುದು ಪಿಯುಸಿ ಬಾಗಿಲಲ್ಲಿ ನಿಂತವರಿಗೆ ಮಾತ್ರ.

"ಹಂಗಾದ್ರೆ ಬಿ.ಕಾಂ. ಒಂದು ವರ್ಷ ಆಗೇತಲ್ಲ, ಐದು ವರ್ಷದ್ದರಲ್ಲಿ ಎರಡನೇ ವರ್ಷಕ್ಕೆ ಸೀದಾ ಕೂರಿಸಿಕೊಳ್ಳಲ್ವಾ?"

ಕೂರಿಸಿಕೊಳ್ಳುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ, ಅಂದರೆ ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಇದಕ್ಕೆ ಬೀಗ ಹಾಕಿದ್ದಾರೆ. ಬೇರೆ ಡಿಗ್ರಿ ಮುಗಿಸಿದ್ದೇನೆ ಎಂದರೂ ನಡುವೆ ಹತ್ತುವ ಹಾಗಿಲ್ಲ. ಹತ್ತಿದರೆ ಮೊದಲ ಸ್ಟಾಪಿನಲ್ಲೇ ಹತ್ತಬೇಕು.

ಇನ್ನು ಕೆಲವು ಜಾಣರು ಬಿ.ಕಾಂ. ಕೊನೇ ವರ್ಷ ಮತ್ತು ಎಲ್‌ಎಲ್.ಬಿ. ಮೊದಲ ವರ್ಷ ಒಟ್ಟಿಗೆ ಮಾಡುವ ಉಪಾಯ ಹೇಳಿಕೊಡುತ್ತಾರೆ. 2022ರಲ್ಲಿ ಯು.ಜಿ.ಸಿ. ಏಕಕಾಲದಲ್ಲಿ ಎರಡು ಡಿಗ್ರಿ ಮಾಡಬಹುದೆಂದಿತು, ನಿಜ. ಆದರೆ ಕಾನೂನಿನ ಓದಿಗೆ ಯಜಮಾನಿಕೆ ಬಾರ್ ಕೌನ್ಸಿಲಿನದು. ಅದರ ನಿಯಮ ಎರಡು ರೆಗ್ಯುಲರ್ ಕೋರ್ಸನ್ನು ಒಪ್ಪುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಬೇರೆ ಡಿಗ್ರಿ ಮಾಡುತ್ತಿಲ್ಲ, ನೌಕರಿಯಲ್ಲಿಲ್ಲ ಎಂದು ವಿದ್ಯಾರ್ಥಿಯಿಂದ ಬರೆಸಿಕೊಳ್ಳಬೇಕೆಂದೂ, ಹಾಜರಿಗೆ ಬೆರಳಚ್ಚಿನ ಯಂತ್ರ ಇಡಬೇಕೆಂದೂ ಕಾಲೇಜುಗಳಿಗೆ ಹೇಳಿತು. ಸುಳ್ಳು ಬರೆದುಕೊಟ್ಟು ಓದಿದ ಕಾನೂನು ಯಾವ ಕಾನೂನು?

ಮಗಳ ಲೆಕ್ಕ

ಮಗಳಿಗೆ ಲೆಕ್ಕ ಸೀದಾ ಇದೆ. ಪಿಯುಸಿ ಆಗಿದೆ, ವಕೀಲೆಯಾಗಬೇಕೆಂಬುದು ಖಚಿತವಿದೆ, ಐದು ವರ್ಷದ್ದಕ್ಕೆ ಸೇರಿಸಿ, ಒಂದು ವರ್ಷ ನಿಜವಾಗಿಯೂ ಉಳಿಯುತ್ತದೆ ಎಂದೆ. ಯಜಮಾನರು ತಕ್ಕಡಿಯ ಕಡೆ ನೋಡುತ್ತಾ ದನಿ ತಗ್ಗಿಸಿ ಕೇಳಿದರು: "ನಡುವೆ ಒಂದು ಒಳ್ಳೇ ಸಂಬಂಧ ಬಂತು ಅಂತ ಇಟ್ಕೊಳ್ರಿ. ಮೂರು ವರ್ಷಕ್ಕೆ ಬಿಡಿಸಿದ್ರೆ ಒಂದು ಬಿ.ಎ. ಆದ್ರೂ ಕೈಗೆ ಬರತೈತಲ್ಲ?"

ಬರುವುದಿಲ್ಲ. ಊರಿನ ಬಹಳಷ್ಟು ಮಂದಿಗೆ ಗೊತ್ತಿಲ್ಲದ ಸಂಗತಿ ಇದು. ನಡುವೆ ಹತ್ತುವ ಹಾಗಿಲ್ಲ ಎಂದ ಅದೇ ನಿಯಮ ನಡುವೆ ಇಳಿಯುವ ಹಾಗೂ ಇಲ್ಲ ಎನ್ನುತ್ತದೆ. ಎರಡು ಡಿಗ್ರಿಯನ್ನು ಒಡೆದು ಅರ್ಧದಲ್ಲಿ ಒಂದನ್ನು ಕೊಟ್ಟು ಕಳಿಸುವಂತಿಲ್ಲ. ಮೂರು ವರ್ಷ ಮುಗಿಸಿ, ನಾಲ್ಕನೆಯದರಲ್ಲಿ ಅರ್ಧ ಓದಿ ಬಿಟ್ಟ ಹುಡುಗಿಯ ಕೈಯಲ್ಲಿ ಉಳಿಯುವುದು ಬರೀ ಪಿಯುಸಿ ಅಂಕಪಟ್ಟಿ. ಅವಳ ಜೊತೆ ಪಿಯುಸಿ ಮುಗಿಸಿ ಸಾದಾ ಬಿ.ಎ.ಗೆ ಹೋದವಳು ಅಷ್ಟರಲ್ಲಿ ಪದವೀಧರೆ. ಬ್ಯಾಂಕಿನ ಪರೀಕ್ಷೆ ಕಟ್ಟಬಹುದು, ಬಿ.ಎಡ್. ಸೇರಬಹುದು, ಹತ್ತು ವರ್ಷದ ನಂತರ ಮನಸ್ಸಾದರೆ ಎಲ್‌ಎಲ್.ಬಿ.ಯನ್ನೂ ಮಾಡಬಹುದು.

ಅಂದರೆ ಐದು ವರ್ಷದ ದಾರಿ ಬೇಗದ ದಾರಿ ಹೌದು, ನಡುವೆ ತಂಗುದಾಣ ಇಲ್ಲದ ದಾರಿಯೂ ಹೌದು. ಗಂಡುಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಅವರನ್ನು ನಡುವೆ ಬಿಡಿಸುವವರಿಲ್ಲ. ಹೆಣ್ಣುಮಕ್ಕಳನ್ನು ಸೇರಿಸುವ ಮೊದಲು ಅಪ್ಪ ಅಮ್ಮ ಐದು ವರ್ಷದ ಮಾತನ್ನು ಅವಳಿಗೆ ಕೊಡಬೇಕು. ಫೀಸಿಗಿಂತ ಇದು ದೊಡ್ಡ ಖರ್ಚು. ಕೊಡಲಾರಿರಾ? ಹಾಗಾದರೆ ಮೂರು ವರ್ಷದ ಡಿಗ್ರಿಗೇ ಹಾಕಿ. ಒಂದು ವರ್ಷ ತಡವಾದರೂ ಅವಳ ಕೈ ಬರಿದಾಗುವುದಿಲ್ಲ.

ಇದನ್ನು ನಾನು ಹೇಳುವಾಗ ಒಳಗಿನ ಗೋದಾಮಿನ ಬಾಗಿಲಲ್ಲಿ ಮಗಳು ನಿಂತಿದ್ದಳು. ಅಪ್ಪನಿಗೆ ಕಾಣಿಸಲಿಲ್ಲ.

ಡಿಸೆಂಬರಿನಲ್ಲೇ ಹೊರಟ ಬಸ್ಸು

"ಬೆಂಗಳೂರಿನ ಆ ದೊಡ್ಡ ಕಾಲೇಜಿಗೆ ಹಾಕಬಹುದಾ?" ಎಂಬುದು ಮುಂದಿನ ಪ್ರಶ್ನೆ. ಏಪ್ರಿಲಿನಲ್ಲಿ ಕೇಳಿದರೆ ಉತ್ತರ: ಈ ವರ್ಷಕ್ಕೆ ಆಗದು. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ನಡೆಯುವುದು ಪಿಯುಸಿ ಪರೀಕ್ಷೆಗೂ ಮೊದಲು. ಕ್ಲ್ಯಾಟ್ 2026 ನಡೆದದ್ದು 2025ರ ಡಿಸೆಂಬರ್ 7ರಂದು. ಅರ್ಜಿ ಕರೆದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಗಣೇಶನ ಹಬ್ಬದ ಹೊತ್ತಿಗೆ ಮನೆಯಲ್ಲಿ ಈ ಮಾತು ಎದ್ದಿರಬೇಕು. ರಿಸಲ್ಟ್ ಬರಲಿ ನೋಡೋಣ ಎಂದವರಿಗೆ ಬಸ್ಸು ಹಿಂದಿನ ಡಿಸೆಂಬರಿನಲ್ಲೇ ಹೋಗಿಬಿಟ್ಟಿರುತ್ತದೆ.

ಪರೀಕ್ಷೆ ಎರಡು ಗಂಟೆಯದು, 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ, ಭಾಷೆ ಇಂಗ್ಲಿಷ್ ಒಂದೇ. ವಯಸ್ಸಿನ ಮೇಲ್ಮಿತಿ ಇಲ್ಲ. ಇಪ್ಪತ್ತು ವರ್ಷ ದಾಟಿದವರು ಐದು ವರ್ಷದ ಕೋರ್ಸಿಗೆ ಸೇರುವಂತಿಲ್ಲ ಎಂದು ಬಾರ್ ಕೌನ್ಸಿಲ್ ಹಿಂದೆ ನಿಯಮ ಮಾಡಿತ್ತು. ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನಾಗರಭಾವಿಯ ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆಂದು ನೂರಕ್ಕೆ 25 ಸೀಟು 2021ರಿಂದ ಇದೆ. ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಹತ್ತು ವರ್ಷ ಓದಿರಬೇಕು. ನಮ್ಮ ಊರಿನ ಮಕ್ಕಳು ಇದಕ್ಕೆ ಸೈ. ಆದರೆ ಅರ್ಜಿ ಹಾಕಿದರೆ ತಾನೆ?

ಅಲ್ಲಿ 2022ರಿಂದ ಮೂರು ವರ್ಷದ ಎಲ್‌ಎಲ್.ಬಿ.ಯೂ ಶುರುವಾಗಿದೆ, ಅದಕ್ಕೆ ಶಾಲೆಯದೇ ಬೇರೆ ಪರೀಕ್ಷೆ. ಮಗ ಬಿ.ಕಾಂ. ಮುಗಿಸಿ ಪ್ರಯತ್ನಿಸಲು ಅವಕಾಶವುಂಟು. ಖರ್ಚು ಮಾತ್ರ ಲಕ್ಷಗಳ ಲೆಕ್ಕ. ಹುಬ್ಬಳ್ಳಿ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲಿ ಪರೀಕ್ಷೆಯ ಕಾಟವಿಲ್ಲ, ಅಂಕದ ಮೇಲೆ ಸೀಟು.

ಇಲ್ಲಿ ಒಂದು ದೂರು ಹೇಳಲೇಬೇಕು. ಪಿಯುಸಿಯವರ ಫಲಿತಾಂಶ ಈಗ ಏಪ್ರಿಲಿನಲ್ಲೇ ಬರುತ್ತದೆ. 2024ರಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು, ಒಂದರಲ್ಲಿ ಎಡವಿದವರಿಗೆ ಅದೇ ವರ್ಷ ಮತ್ತೆ ಅವಕಾಶ. ಅದೇ ಡಿಗ್ರಿಯವರ ಪಾಡು ನೋಡಿ. ಆರನೇ ಸೆಮಿಸ್ಟರ್ ಬರೆದು ಬಂದು, ಮೌಲ್ಯಮಾಪನ ಮುಗಿಯಿತೇ, ಅಂಕಪಟ್ಟಿ ಬಂತೇ ಎಂದು ದಿನಾ ಫೋನು ಒತ್ತುತ್ತಾ ಕೂರುವುದು. ಅತ್ತ ಲಾ ಕಾಲೇಜಿನ ಕೊನೇ ದಿನಾಂಕ ಹತ್ತಿರ, ಇತ್ತ ಫಲಿತಾಂಶ ದೂರ. ನನ್ನ ಹತ್ತಿರದ ಸಂಬಂಧದ ಹುಡುಗನೊಬ್ಬ ಹೀಗೆ ಒಂದು ಅಂಕಪಟ್ಟಿಗಾಗಿ ಕಾದು ಪೂರ್ತಿ ಒಂದು ವರ್ಷ ಕಳೆದುಕೊಂಡ. ಯಾವ ವಿಶ್ವವಿದ್ಯಾಲಯ ಎಂಬುದು ಬೇಡ. ಬಹುಮಂದಿ ಓದುಗರಿಗೆ ತಮ್ಮ ಮನೆಯದೇ ಒಂದು ನೆನಪಾಗಿರುತ್ತದೆ. ಹುಡುಗರು ಐದೇ ಸೆಮಿಸ್ಟರಿನಲ್ಲಿ ಮುಗಿಸಬಹುದೆಂದು ಮೇಲಿನವರು ಹೇಳುತ್ತಾರೆ, ಆರು ಸೆಮಿಸ್ಟರಿನ ಫಲಿತಾಂಶವನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಸಾಕು ಎಂದು ಕೆಳಗಿನವರು ಕೇಳುತ್ತಾರೆ.

ಬೆಳಿಗ್ಗೆ ಅಂಗಡಿ, ಸಂಜೆ ಕಾಲೇಜು?

ಹಳಬರಿಗೆ ನೆನಪಿರಬಹುದು. ಗುಮಾಸ್ತರು, ಮೇಷ್ಟರು, ಬ್ಯಾಂಕಿನವರು ಸಂಜೆ ಕಾಲೇಜಿನಲ್ಲಿ ಎಲ್‌ಎಲ್.ಬಿ. ಮಾಡುತ್ತಿದ್ದ ಕಾಲವಿತ್ತು. ಹಗಲು ಫೈಲು, ರಾತ್ರಿ ಲಾ ಪಾಯಿಂಟು. 2008ರ ನಿಯಮ ಬಂದ ಮೇಲೆ ತರಗತಿಗಳು ಬೆಳಿಗ್ಗೆ ಎಂಟರಿಂದ ಸಂಜೆ ಏಳರ ಒಳಗೇ ನಡೆಯಬೇಕು, ಪೂರ್ಣಕಾಲದ ಓದಾಗಿರಬೇಕು, ವಾರಕ್ಕೆ 30 ಗಂಟೆ. ಪ್ರತಿ ವಿಷಯಕ್ಕೂ ನೂರಕ್ಕೆ 70 ಹಾಜರಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಹನ್ನೊಂದಕ್ಕೆ ಕಾಲೇಜಿಗೆ ಹೋಗುತ್ತಾನೆ ಎಂಬ ಏರ್ಪಾಡು ನಡೆಯದು. ಮಗ ಕಾನೂನು ಓದುವ ಮೂರು ವರ್ಷ ಯಜಮಾನರಿಗೆ ಆಳು ಕಡಿಮೆ.

ಪುಸ್ತಕದ ಮಾತೂ ಒಂದಿದೆ. ಅಜ್ಜನ ಕೇಸಿನ ಕಾಲದಲ್ಲಿ ಕೊಂಡ ಹಳೇ ದಂಡಸಂಹಿತೆಯ ಪುಸ್ತಕ ಮನೆಯಲ್ಲಿದೆ, ಸಾಕಲ್ಲ ಎಂದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಎಂಬ ಮೂರು ಹೊಸ ಕಾಯಿದೆಗಳು ಜಾರಿಯಲ್ಲಿವೆ. ನಾವೆಲ್ಲ ಸಿನಿಮಾದಲ್ಲಿ ಕೇಳಿ ಬಾಯಿಪಾಠ ಮಾಡಿದ ಸೆಕ್ಷನ್ 302 ಈಗ 103. ಹಾಗೆಂದು ಹಳೇ ಪುಸ್ತಕ ರದ್ದಿಗೆ ಹಾಕಬೇಡಿ. ಆ ದಿನಕ್ಕೆ ಮುಂಚೆ ನಡೆದ ಅಪರಾಧಗಳ ಕೇಸು ಹಳೇ ಸಂಹಿತೆಯಲ್ಲೇ ನಡೆಯುತ್ತಿವೆ. ನಮ್ಮ ಕೋರ್ಟುಗಳ ವೇಗ ಬಲ್ಲವರಿಗೆ ಅದು ಎಷ್ಟು ಕಾಲ ಬೇಕಾಗುತ್ತದೆಂದು ಹೇಳಬೇಕಿಲ್ಲ.

ಡಿಗ್ರಿ ಆದ ಮೇಲೆ

ಬೇಗ ಮುಗಿಸಿದವರು ಬೇಗ ಸಂಪಾದಿಸುತ್ತಾರೆ ಎಂಬ ನಂಬಿಕೆಯಿಂದಲೇ ಈ ಓಟವೆಲ್ಲ. ಅದನ್ನೂ ನೋಡಿಬಿಡೋಣ.

1961ರ ವಕೀಲರ ಕಾಯಿದೆ ಪ್ರಕಾರ ಸನ್ನದು ಪಡೆಯಲು 21 ವರ್ಷ ತುಂಬಿರಬೇಕು. ಪಿಯುಸಿಯಿಂದ ನೇರ ಹೋದವರಿಗೆ ಕೋರ್ಸು ಮುಗಿಯುವಾಗಲೇ 22-23 ಆಗಿರುತ್ತದೆ, ತೊಂದರೆಯಿಲ್ಲ. ನೋಂದಣಿ ಶುಲ್ಕ ಕಾಯಿದೆಯಲ್ಲಿ ಬರೆದಿರುವಂತೆ ರಾಜ್ಯ ಪರಿಷತ್ತಿಗೆ 600 ರೂಪಾಯಿ, ಅಖಿಲ ಭಾರತ ಪರಿಷತ್ತಿಗೆ 150. ಪರಿಶಿಷ್ಟರಿಗೆ 100 ಮತ್ತು 25. ಆದರೆ ದೇಶದ ನಾನಾ ಕಡೆ ಹತ್ತಾರು ಸಾವಿರ ಕಕ್ಕಿಸುತ್ತಿದ್ದರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಕಾಯಿದೆಯಲ್ಲಿ ಇರುವುದಕ್ಕಿಂತ ಒಂದು ಪೈಸೆ ಜಾಸ್ತಿ ಕೇಳುವಂತಿಲ್ಲ ಎಂದಿತು. ಅದುವರೆಗೆ ಕಟ್ಟಿದವರಿಗೆ ವಾಪಸು ಇಲ್ಲ ಎಂದೂ ಹೇಳಿತು. 2025ರ ಆಗಸ್ಟಿನಲ್ಲಿ, ಐಚ್ಛಿಕ ಶುಲ್ಕ ಎಂಬ ಹೆಸರಿನಲ್ಲೂ ತೆಗೆದುಕೊಳ್ಳುವಂತಿಲ್ಲ ಎಂದು ಮತ್ತೆ ಹೇಳಬೇಕಾಯಿತು.

ಸನ್ನದಿನ ಜೊತೆ ಅಖಿಲ ಭಾರತ ವಕೀಲರ ಪರೀಕ್ಷೆ ಒಂದನ್ನು ಪಾಸು ಮಾಡಬೇಕು, ಕನ್ನಡದಲ್ಲೂ ಬರೆಯಬಹುದು. ಕೋರ್ಸು ಮುಗಿಸಿ, ಸನ್ನದು ತೆಗೆದು, ಆಮೇಲೆ ಬರೆಯುವಷ್ಟರಲ್ಲಿ ತಿಂಗಳುಗಟ್ಟಲೆ ಹೋಗುತ್ತಿತ್ತು. 2024ರಲ್ಲಿ ಸುಪ್ರೀಂ ಕೋರ್ಟು ಕೊನೇ ಸೆಮಿಸ್ಟರಿನಲ್ಲಿರುವವರಿಗೂ ಬರೆಯಲು ದಾರಿ ಮಾಡಿಕೊಟ್ಟಿತು. ನಿಜವಾಗಿ ಕಾಲ ಉಳಿಸಿದ ಸುಧಾರಣೆ ಎಂದರೆ ನನ್ನ ಲೆಕ್ಕದಲ್ಲಿ ಇದು.

ಆಮೇಲೆ? ಸೀನಿಯರ್ ಆಫೀಸಿನಲ್ಲಿ ಫೈಲು ಹೊರುವುದು, ಮುದ್ದತು ತೆಗೆದುಕೊಳ್ಳುವುದು, ಕೋರ್ಟಿನ ಕ್ಯಾಂಟೀನಿನಲ್ಲಿ ಇನ್ನೊಬ್ಬರ ದುಡ್ಡಿನಲ್ಲಿ ಟೀ ಕುಡಿಯುವುದು. ಕಿರಿಯ ವಕೀಲರಿಗೆ ತಿಂಗಳಿಗೆ ನಗರದಲ್ಲಿ 20 ಸಾವಿರ, ಹಳ್ಳಿಗಾಡಿನಲ್ಲಿ 15 ಸಾವಿರ ಕೊಡಿ ಎಂದು 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಹಿರಿಯರಿಗೆ ಹೇಳಿತು. ಹೇಳಿದ್ದು ಸಲಹೆ, ಆಜ್ಞೆಯಲ್ಲ. ಪರಿಶಿಷ್ಟರಿಗೆ ಮತ್ತು ಹಿಂದುಳಿದವರಿಗೆ ಸರ್ಕಾರದ ತರಬೇತಿ ಭತ್ಯೆಯ ಯೋಜನೆ ಇದೆ, ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಉಳಿದವರು ಮೊದಲ ಎರಡು ಮೂರು ವರ್ಷ ಮನೆಯ ಅನ್ನವನ್ನೇ ನಂಬಿಕೊಂಡಿರಬೇಕು.

"ಜಡ್ಜ್ ಪರೀಕ್ಷೆ ಬರೆದರೆ ಸೀದಾ ಜಡ್ಜಾಗಬಹುದಲ್ಲ?" ಈ ಸಲ ಕೇಳಿದ್ದು ಯಜಮಾನರಲ್ಲ, ಬಾಗಿಲಲ್ಲಿ ನಿಂತಿದ್ದ ಮಗಳು.

ಆಗಬಹುದಿತ್ತು. ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗದ ಶಿಫಾರಸನ್ನು ಒಪ್ಪಿ 2002ರಲ್ಲಿ ಸುಪ್ರೀಂ ಕೋರ್ಟು ಹೊಸದಾಗಿ ಕಾನೂನು ಮುಗಿಸಿದವರಿಗೂ ಸಿವಿಲ್ ನ್ಯಾಯಾಧೀಶರ ಪರೀಕ್ಷೆಯ ಬಾಗಿಲು ತೆರೆಸಿತ್ತು. 2025ರ ಮೇ 20ರಂದು ಅದೇ ಕೋರ್ಟು ಅದನ್ನು ತಿರುಗಿಸಿ, ಮೂರು ವರ್ಷ ವಕೀಲಿ ಮಾಡಿರಲೇಬೇಕು ಎಂದು ತೀರ್ಪು ಕೊಟ್ಟಿತು. ಕೋರ್ಟಿನ ಮುಖವನ್ನೇ ನೋಡದ ಹುಡುಗರು ಪೀಠದಲ್ಲಿ ಕೂತರೆ ಕಷ್ಟ ಎಂಬುದು ಅದರ ಹಿಂದಿನ ಮಾತು. ಮೂರು ವರ್ಷವನ್ನು ತಾತ್ಕಾಲಿಕ ನೋಂದಣಿಯ ದಿನದಿಂದ ಎಣಿಸುತ್ತಾರೆ. ಆದ್ದರಿಂದ ರಿಸಲ್ಟ್ ಬಂದ ವಾರವೇ ಬೆಂಗಳೂರಿಗೆ ಹೋಗಿ ಅರ್ಜಿ ಕೊಟ್ಟವರಿಗೆ ಲಾಭ.

ಹುಡುಗಿ ಬಿಲ್ ಪುಸ್ತಕವನ್ನು ಅಪ್ಪನ ಕೈಯಿಂದ ತೆಗೆದುಕೊಂಡು ತಾನೇ ಬರೆದಳು. ಈಗ ಹದಿನೆಂಟು. ಐದು ಕೂಡಿದರೆ ಇಪ್ಪತ್ತಮೂರು. ವಕೀಲಿ ಮೂರು, ಇಪ್ಪತ್ತಾರು. ಇನ್ನೊಂದು ಸಾಲಿನಲ್ಲಿ ಬಿ.ಎ. ಮಾಡಿ ಹೋದರೆ ಎಂದು ಬರೆದು, ಇಪ್ಪತ್ತೇಳು. ಎರಡೂ ಸಾಲಿನ ಕೆಳಗೆ ಗೆರೆ ಎಳೆದಳು.

ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಎರಡು ಕೆ.ಜಿ. ತೊಗರಿಬೇಳೆ ಕೇಳಿಕೊಂಡು ಗಿರಾಕಿ ಬಂದರು. ತೂಕ ಹಾಕಿ ಕೊಟ್ಟು, ಚಿಲ್ಲರೆ ಎಣಿಸಿ, ಮತ್ತೆ ಪುಸ್ತಕ ನೋಡಿದರು.

"ಇಪ್ಪತ್ತಾರರ ತನಕ ಕಾಯೋ ಗಂಡು ಸಿಗಬೇಕಲ್ಲವ್ವಾ" ಎಂದರು.

"ಅಂಗಡಿ ಕೇಸು ಎಷ್ಟು ವರ್ಷ ಕಾದೀರಿ?" ಎಂದಳು ಮಗಳು.

ಈ ಅಂಕಣ ಅಚ್ಚಿಗೆ ಹೋಗುವ ಹೊತ್ತಿಗೆ ಬಂದ ಸುದ್ದಿ ಇಷ್ಟು. ಮಗ ಬಿ.ಕಾಂ. ಬಿಡುವುದಿಲ್ಲ, ಮೂರು ವರ್ಷ ಪೂರ್ತಿ ಓದಿ ಎಲ್‌ಎಲ್.ಬಿ.ಗೆ ಹಾಕುತ್ತಾನೆ. ಮಗಳ ಐದು ವರ್ಷದ ಕೋರ್ಸಿನ ಅರ್ಜಿ ಫಾರಮ್ಮು ಗಲ್ಲಾಪೆಟ್ಟಿಗೆಯ ಮೇಲೆ, ತೂಕದ ಕಲ್ಲಿನ ಕೆಳಗೆ ಇದೆ. ಅಪ್ಪನ ಸಹಿ ಇನ್ನೂ ಬಿದ್ದಿಲ್ಲ. ಕೊನೇ ದಿನಾಂಕಕ್ಕೆ ಸಮಯವಿದೆ.